ಮೊದಲ ದಿನ 30, ಮೂರನೇ ತಿಂಗಳು 4

ಪ್ರಶ್ನೆ: ಕಂಪ್ಯುಟೇಷನಲ್ ಸೈನ್ಸ್‌ನಲ್ಲಿ, ಅಂದರೆ ವಿಜ್ಞಾನದ ಪ್ರಶ್ನೆಗಳನ್ನು ಕಂಪ್ಯೂಟರ್ ಲೆಕ್ಕಾಚಾರದಿಂದ ಬಿಡಿಸುವ ವಿಷಯದಲ್ಲಿ, ಪಿಎಚ್.ಡಿ. ಮಾಡುತ್ತಿದ್ದೇನೆ. ಲ್ಯಾಬಿನಲ್ಲಿ ನಾನೊಬ್ಬಳೇ ಹುಡುಗಿ. ಬೇರೆ ವಿಭಾಗದವರನ್ನೂ ಸೇರಿಸಿಕೊಂಡು ಮಹಿಳೆಯರ ಬಳಗ ಕಟ್ಟಿದೆವು. ತಿಂಗಳಿಗೊಂದು ಉಪನ್ಯಾಸ. ಮೊದಲ ದಿನ 30 ಜನ ಬಂದರು, ಮೂರನೇ ತಿಂಗಳಿಗೆ ಉಳಿದವರು 4. ಎಲ್ಲಿ ಎಡವಿದೆವು?

ಉತ್ತರ: ಉಪನ್ಯಾಸ ಕೇಳಲು ಒಮ್ಮೆ ಬರುತ್ತಾರೆ. ತಮ್ಮ ಕೆಲಸ ಮುಂದೆ ಸಾಗುತ್ತದೆ ಅನ್ನಿಸಿದರೆ ಮಾತ್ರ ಮತ್ತೆ ಬರುತ್ತಾರೆ. ಆ ನಾಲ್ವರಿಂದಲೇ ಶುರು ಮಾಡಿ, ಎಂಟಾದರೆ ಧಾರಾಳ. ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವ ಮಹಿಳೆಯರ ಬಳಗ, ಇಂದು ಹಲವು ದೇಶಗಳಲ್ಲಿರುವ ಆರ್-ಲೇಡೀಸ್ ಕೂಡ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಒಂದೇ ಊರಿನ ಗುಂಪಾಗಿ ಹುಟ್ಟಿದ್ದು.

ಹದಿನೈದು ದಿನಕ್ಕೊಮ್ಮೆ, ಕೆಲಸದ ವೇಳೆಯಲ್ಲೇ, 90 ನಿಮಿಷ ಸೇರಿ. ಸಂಜೆ ಇಟ್ಟರೆ ಚಿಕ್ಕ ಮಕ್ಕಳಿರುವವರೇ ಮೊದಲು ತಪ್ಪಿಹೋಗುತ್ತಾರೆ. ಪ್ರತಿ ಸಲ ಒಬ್ಬರು ತಮ್ಮನ್ನು ಕಾಡುತ್ತಿರುವ ಒಂದು ತೊಡಕು ತರಲಿ. ಕೋಡ್ ಆದರೆ 200 ಸಾಲು ಮೀರದಿರಲಿ, ಹಿಂದಿನ ದಿನವೇ ಎಲ್ಲರ ಕೈಸೇರಲಿ.

ಸೂಪರ್‌ಕಂಪ್ಯೂಟರಿಗೆ ಕೊಟ್ಟ ಜಾಬ್ (ಲೆಕ್ಕಾಚಾರದ ಕೆಲಸ) ಅರ್ಧಕ್ಕೇ ನಿಲ್ಲುತ್ತಿದೆ ಎನ್ನಿ. ಒಂದು ನೋಡ್‌ನಲ್ಲಿ (ಸೂಪರ್‌ಕಂಪ್ಯೂಟರಿನೊಳಗಿನ ಒಂದು ಕಂಪ್ಯೂಟರ್) 16 ಪ್ರೊಸೆಸ್ (ಒಟ್ಟಿಗೇ ಓಡುವ ಪ್ರೋಗ್ರಾಂಗಳು), ಒಂದೊಂದಕ್ಕೂ 4 ಜಿಬಿ ಮೆಮೊರಿ ಬೇಕು, ಅಂದರೆ 64 ಜಿಬಿ. ಜಾಬ್‌ಗೆ ಏನೇನು ಬೇಕೆಂದು ಬರೆದುಕೊಡುವ ಸ್ಕ್ರಿಪ್ಟಿನಲ್ಲಿ ಕೇಳಿರುವುದು 32 ಜಿಬಿ; ಮೆಮೊರಿ ಸಾಲದೆ ಜಾಬ್ ನಿಲ್ಲುತ್ತದೆ. ಒಂಟಿಯಾಗಿ ಕೂತವಳು ತನ್ನ ಕೋಡೇ ತಪ್ಪೆಂದು ವಾರಗಟ್ಟಲೆ ತಡಕಾಡುತ್ತಾಳೆ. ‘ಇಷ್ಟೂ ಗೊತ್ತಿಲ್ಲವೇ’ ಅಂದಾರೆಂದು ಯಾರನ್ನೂ ಕೇಳುವುದಿಲ್ಲ. ಬಳಗದಲ್ಲಿ ಇದು ಹತ್ತು ನಿಮಿಷದ ಮಾತು. ಇಂಥ ತಿಳಿವಳಿಕೆ ಹೆಚ್ಚಾಗಿ ಲ್ಯಾಬಿನ ಹರಟೆಯಲ್ಲೇ ಬಾಯಿಂದ ಬಾಯಿಗೆ ದಾಟುತ್ತದೆ. ಆ ಹರಟೆಯಿಂದ ಹೊರಗುಳಿದವರಿಗೆ ದಕ್ಕುವುದಿಲ್ಲ. ಬಳಗ ಬೇಕಿರುವುದು ಅದಕ್ಕೇ.

ಹೊಣೆಯನ್ನು ಒಬ್ಬರ ಹೆಗಲಿಗೆ ಹಾಕಬೇಡಿ. ಅವರು ಥೀಸಿಸ್ ಬರೆಯಲು ಕೂತ ದಿನ ಬಳಗವೂ ನಿಲ್ಲುತ್ತದೆ. ಇಬ್ಬರು ಸಂಚಾಲಕಿಯರು, ತಲಾ ಆರು ತಿಂಗಳು. ಇಬ್ಬರೂ ಒಟ್ಟಿಗೆ ಬದಲಾಗದೆ ಮೂರು ತಿಂಗಳಿಗೊಬ್ಬರಂತೆ ಬದಲಾದರೆ ಹಳಬರು ಹೊಸಬರಿಗೆ ಕೆಲಸ ಕಲಿಸಲು ಸಮಯ ಸಿಗುತ್ತದೆ. ಈ ದುಡಿಮೆ ವಾರ್ಷಿಕ ವರದಿಯಲ್ಲಿ, ಸಿ.ವಿ.ಯಲ್ಲಿ ದಾಖಲಾಗಲೇಬೇಕು. ಇಲ್ಲದಿದ್ದರೆ ಲೆಕ್ಕಕ್ಕೇ ಬರದ ಇನ್ನೊಂದು ಹೊರೆ ಹೆಣ್ಣುಮಕ್ಕಳ ಮೇಲೇ ಬಿದ್ದಂತಾಗುತ್ತದೆ.

ಪ್ರಶ್ನೆ: ನಮ್ಮ ಬಳಗಕ್ಕೆ ನೆರವಾಗಲು ಹಿರಿಯ ಪ್ರಾಧ್ಯಾಪಕರೊಬ್ಬರು ಸಿದ್ಧರಿದ್ದಾರೆ. ಅವರನ್ನು ಏನು ಕೇಳಲಿ?

ಉತ್ತರ: ಸಲಹೆ ಬೇಡ, ಶಿಫಾರಸು ಕೇಳಿ. ಸಮ್ಮೇಳನಕ್ಕೆ ಭಾಷಣಕಾರರನ್ನು, ಪತ್ರಿಕೆಗೆ ಪ್ರಬಂಧ ಪರಿಶೀಲಕರನ್ನು ಹುಡುಕುವಾಗ ನಿಮ್ಮವರ ಹೆಸರು ಅವರ ಬಾಯಲ್ಲಿ ಬರಬೇಕು. ಅದಕ್ಕೆ ಒಬ್ಬೊಬ್ಬರ ಬಗ್ಗೆ ಮೂರು ಸಾಲು ಬರೆದುಕೊಡಿ: ಹೆಸರು, ಮಾಡಿರುವ ಕೆಲಸ, ಯಾವ ವಿಷಯದ ಮೇಲೆ 20 ನಿಮಿಷ ಮಾತಾಡಬಲ್ಲರು. ಆರು ತಿಂಗಳಿಗೊಮ್ಮೆ ಪಟ್ಟಿ ಹೊಸದಾಗಲಿ.