ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್ ಪ್ರತಿಮೆ ಕೆಡವಿದ್ದು ಇತಿಹಾಸವನ್ನು ಅಳಿಸಿದಂತೆ ಅಲ್ವಾ?

ಇಲ್ಲ ಅಂತಲೇ ನನ್ನ ಅಭಿಪ್ರಾಯ. ಕೋಲ್‌ಸ್ಟನ್ ಸತ್ತದ್ದು 1721ರಲ್ಲಿ, ಪ್ರತಿಮೆ ನಿಂತದ್ದು 1895ರಲ್ಲಿ. ಅಂದರೆ ಅದು ಅವನ ಕಾಲದ ಸಾಕ್ಷಿಯಲ್ಲ, ಎಷ್ಟೋ ವರ್ಷಗಳ ನಂತರ ಸಲ್ಲಿಸಿದ ಗೌರವ. ಅವನು ಊರಿನ ಶಾಲೆಗಳಿಗೆ, ಬಡವರಿಗೆ ದಾನ ಮಾಡಿದ್ದು ನಿಜ. ಆದರೆ ಅವನು ಮೇಲಿನ ಹುದ್ದೆಯಲ್ಲಿದ್ದ ರಾಯಲ್ ಆಫ್ರಿಕನ್ ಕಂಪನಿ ಸಾವಿರಾರು ಆಫ್ರಿಕನ್ನರನ್ನು ಗುಲಾಮರಾಗಿ ಹಡಗಿನಲ್ಲಿ ಸಾಗಿಸಿತು. ದಾರಿಯಲ್ಲೇ ಪ್ರಾಣ ಬಿಟ್ಟವರೂ ಸಾವಿರಾರು ಜನ. ಪ್ರತಿಮೆಯ ಫಲಕ ಮಾತ್ರ ಅವನನ್ನು ಸದ್ಗುಣಿ ಎಂದಿತ್ತು, ಅಷ್ಟೇ! ಸತ್ಯ ಹೇಳುವ ಇನ್ನೊಂದು ಫಲಕ ಹಾಕುವ ಪ್ರಯತ್ನ 2018ರ ಹೊತ್ತಿಗೆ ನಡೆಯಿತು. ಒಕ್ಕಣೆಯ ಜಗಳದಲ್ಲೇ ಅದು ನಿಂತುಹೋಯಿತು. 2020ರ ಜೂನ್ 7ರಂದು ಪ್ರತಿಭಟನಾಕಾರರು ಪ್ರತಿಮೆಯನ್ನು ಉರುಳಿಸಿ ಬಂದರಿನ ನೀರಿಗೆ ತಳ್ಳಿದರು. ಈಗ ಅದು ಊರಿನ ಎಂ ಶೆಡ್ ಮ್ಯೂಸಿಯಂನಲ್ಲಿ, ಪ್ರತಿಭಟನಾಕಾರರು ಬಳಿದ ಬಣ್ಣದ ಸಮೇತ ಮಲಗಿದೆ. ಪೂರ್ತಿ ಕತೆ ಅಲ್ಲೇ ಜಾಸ್ತಿ ಸಿಗುತ್ತದೆ.