ಬೀಗ ಹಾಕಿದ ನೆರಳು

ಬೆಂಗಳೂರಿನ ಐಐಎಂ ಆವರಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ನನ್ನ ಮೇಜಿನ ಮೇಲಿದೆ. "ಬಳ್ಳಿ ಹಬ್ಬಿದ ಕಲ್ಲಿನ ಕಟ್ಟಡಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ, ಸಂತೋಷ. ನಮ್ಮ ಬಡಾವಣೆಯ ಪಾರ್ಕಿಗೆ ಅಮ್ಮನನ್ನು ವೀಲ್‌ಚೇರಿನಲ್ಲಿ ಕರೆದುಕೊಂಡು ಹೋದರೆ ಗೇಟೇ ದಾಟಲಾಗಲಿಲ್ಲ. ಈ ವಿನ್ಯಾಸದ ಗೊಡವೆ ಯಾಕೆ? ನಾಲ್ಕು ಮರ ನೆಟ್ಟು ಸುಮ್ಮನಿದ್ದರೆ ಸಾಲದೇ?" ಎಂದು ಕೇಳಿದ್ದೀರಿ, ಕೊನೆಗೆ ಈಗ ಏನು ಮಾಡಲಿ ಎಂದೂ.

ಮೊದಲರ್ಧ ಒಪ್ಪಿದೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ರೂಪಿಸಿದ ಆ ಆವರಣ ನಿಜಕ್ಕೂ ಚೆಂದ. ಒರಟು ಗ್ರಾನೈಟ್ ಗೋಡೆ, ಒಂದಿಷ್ಟು ದೂರ ಸೂರು, ಒಂದಿಷ್ಟು ದೂರ ಬರೀ ಆಕಾಶ ಇರುವ ಉದ್ದನೆಯ ಓಣಿಗಳು, ತಲೆಯ ಮೇಲೆ ಬಳ್ಳಿ. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತೀಯರಲ್ಲಿ ಮೊದಲಿಗರು. ಆದರೆ ಅದು ವಿದ್ಯಾಸಂಸ್ಥೆ, ಊರಿನ ಪಾರ್ಕಲ್ಲ. ಆ ನೆರಳು ಯಾರಿಗೆ ಸಿಗುತ್ತದೆ ಎಂದು ನಮ್ಮ ಲೇಖನ ಒಂದು ಸಾಲಿನಲ್ಲಾದರೂ ಕೇಳಬೇಕಿತ್ತು. ಕೇಳಲಿಲ್ಲ, ತಪ್ಪು ನಮ್ಮದು.

ಎರಡನೆಯ ಅರ್ಧ ಒಪ್ಪಲಾರೆ. ನಿಮ್ಮ ಪತ್ರ ಓದಿದ ಮರುದಿನ ಬೆಳಿಗ್ಗೆ ಟೇಪು ಹಿಡಿದು ನಮ್ಮ ಮನೆ ಹಿಂದಿನ ಪಾರ್ಕಿಗೆ ಹೋದೆ. ವಾಕಿಂಗಿನವರು ಏನೋ ಸರ್ವೆ ಎಂದುಕೊಂಡು ಮಾತನಾಡಿಸಲು ಬಂದರು. ದನ, ಬೈಕು ನುಗ್ಗದಿರಲೆಂದು ಹಾಕಿದ ಪೈಪಿನ ಸುತ್ತುಗೇಟು: ಸಂದು 16 ಇಂಚು. ಸಾಮಾನ್ಯ ವೀಲ್‌ಚೇರಿಗೇ ಎರಡಡಿಗಿಂತ ಹೆಚ್ಚು ಅಗಲ ಬೇಕು. ಹೇಗೋ ಎತ್ತಿ ದಾಟಿಸಿದಿರಿ ಎನ್ನಿ, ಮುಂದೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಪಕ್ಕದಲ್ಲೇ ರ‍್ಯಾಂಪು ಇದೆ, ಉದ್ದ 5 ಅಡಿ. 1 ಅಡಿ ಏರಲು 12 ಅಡಿ ಉದ್ದ ಎಂಬುದು ಲೆಕ್ಕ, ಅಂದರೆ 18 ಅಡಿ ಬೇಕಿತ್ತು. ಇಲ್ಲಿರುವುದು ಜಾರುಬಂಡೆ.

ರ‍್ಯಾಂಪಿನ ಪಕ್ಕ ಒಂದು ಹಳೆಯ ಹೊಂಗೆ. ಅದರ ಬುಡಕ್ಕೆ ಅಂಟಿಕೊಂಡಂತೆ ಕಾಂಕ್ರೀಟು ಸುರಿದಿದ್ದಾರೆ. ಮರಕ್ಕೆ ಮಳೆನೀರು ಇಳಿಯುವುದಿಲ್ಲ, ಅಮ್ಮನಿಗೆ ದಾರಿ ಇಲ್ಲ, ಎರಡೂ ಒಂದೇ ಕಾಂಟ್ರಾಕ್ಟಿನ ಕೆಲಸ. ಅದೇ ಒಂದೂವರೆ ಅಡಿಯನ್ನು ಹೊಂಗೆಯ ನೆರಳಿನಲ್ಲಿ ಬಳಸಿಕೊಂಡು ಹೋಗುವ 30 ಅಡಿ ದಾರಿಯಾಗಿ ಏರಿಸಬಹುದಿತ್ತು. 20 ಅಡಿಗೆ 1 ಅಡಿ ಏರುವ ದಾರಿ ರ‍್ಯಾಂಪು ಅನ್ನಿಸುವುದೇ ಇಲ್ಲ. ಅಜ್ಜಿ, ಮಗುವಿನ ತಳ್ಳುಗಾಡಿ, ಮಂಡಿನೋವಿನ ನನ್ನಂಥವರು, ಎಲ್ಲರೂ ಒಂದೇ ದಾರಿಯಲ್ಲಿ ಹೋಗುತ್ತಾರೆ. ಬುಡದ ಸುತ್ತ ಮಣ್ಣು ಬಿಟ್ಟರೆ ಹೊಂಗೆಯೂ ಬದುಕುತ್ತದೆ. ಕಟ್ಟಡ ನಿಸರ್ಗದ ಜೊತೆ ಬೆರೆಯುವುದೆಂದರೆ ನನ್ನ ಮಟ್ಟಿಗೆ ಇಷ್ಟೇ. ಗೋಡೆಗೆ ಬಳ್ಳಿ ಹಬ್ಬಿಸುವುದು ಆಮೇಲಿನ ಮಾತು.

ನಿಮ್ಮೂರಿನ ಅರಳಿಕಟ್ಟೆಯನ್ನು ಅಕ್ಕರೆಯಿಂದ ನೆನೆದಿದ್ದೀರಿ. ನಾನೂ ಅಂಥದೇ ಕಟ್ಟೆಯ ಮೇಲೆ ಚೌಕಾಬಾರ ಆಡಿ ಬೆಳೆದವನು. ಕೂರಲು ಹದವಾದ ಎತ್ತರ, ಮಧ್ಯಾಹ್ನವೂ ತಣ್ಣಗಿರುವ ಕಲ್ಲು. ಆದರೆ ನಮ್ಮೂರಲ್ಲಿ ಹೆಂಗಸರು ಅಲ್ಲಿ ಕೂತದ್ದನ್ನು ನಾನು ಕಂಡಿಲ್ಲ, ಪ್ರದಕ್ಷಿಣೆ ಹಾಕಿ ಹೊರಟುಬಿಡುತ್ತಿದ್ದರು. ಕೇರಿಯವರು ದೂರದಲ್ಲಿ ನಿಂತೇ ಮಾತಾಡಿ ಹೋಗುತ್ತಿದ್ದರು. ಅರಳಿಮರ ಯಾರಿಗೂ ನೆರಳು ಇಲ್ಲವೆಂದಿರಲಿಲ್ಲ, ಕಟ್ಟೆ ಅಂದಿತ್ತು. ಹಾಗಾಗಿ ಮರ ನೆಟ್ಟು ಸುಮ್ಮನಿರುವುದು ಸಾಲದು ಅನ್ನುತ್ತೇನೆ.

ಪಾರ್ಕು ಯಾರಿಗೆ ಸಿಗುತ್ತದೆ ಎಂಬುದನ್ನು ವಿಯೆನ್ನಾ ನಗರದವರು ಲೆಕ್ಕ ಹಾಕಿಯೇ ನೋಡಿದರು. ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕುಗಳಿಂದ ಕಾಣೆಯಾಗುತ್ತಿದ್ದಾರೆಂದು 1990ರ ದಶಕದ ಅಧ್ಯಯನವೊಂದು ತೋರಿಸಿತು. ಇರುವ ಒಂದೇ ಬಯಲನ್ನು ಹುಡುಗರ ಚೆಂಡಾಟ ನುಂಗುತ್ತಿತ್ತು. 1999ರಲ್ಲಿ ಮಾರ್ಗರೆಟನ್ ಭಾಗದ ಎರಡು ಪಾರ್ಕುಗಳನ್ನು ಗಿಡ, ದಿಣ್ಣೆಗಳಿಂದ ಸಣ್ಣ ಸಣ್ಣ ಮೂಲೆಗಳಾಗಿ ಒಡೆದು, ಕಾಲುದಾರಿ ಹೆಚ್ಚಿಸಿ, ವಾಲಿಬಾಲ್, ಬ್ಯಾಡ್ಮಿಂಟನ್ ಅಂಕಣ ಹಾಕಿದರು. ಹುಡುಗಿಯರು ಮರಳಿದರು, ಹುಡುಗರನ್ನು ಯಾರೂ ಓಡಿಸಬೇಕಾಗಲಿಲ್ಲ. ನಮ್ಮಲ್ಲಿ ಇದಕ್ಕೂ ಮೊದಲಿನ ಕೆಲಸವೇ ಬಾಕಿ ಇದೆ: ಶೌಚಾಲಯ. ನಮ್ಮ ಪಾರ್ಕಿನಲ್ಲೂ ಒಂದಿದೆ, ಬೀಗ ಹಾಕಿದೆ. ಸಂಜೆ ವಾಕಿಂಗಿಗೆ ಬರುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುವ ಹೆಂಗಸರನ್ನು ಬಲ್ಲೆ.

ನೀವು ಕೇಳಿದ್ದು ಸಿದ್ಧಾಂತವನ್ನಲ್ಲ, ಏನು ಮಾಡಲಿ ಎಂದು. ಸಾರ್ವಜನಿಕ ಬಳಕೆಯ ಜಾಗಗಳು ಅಂಗವಿಕಲರಿಗೂ ಎಟುಕುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದರೆ ಬರೀ "ಅನುಕೂಲ ಕಲ್ಪಿಸಿ" ಎಂಬ ಮನವಿಪತ್ರ ಕಡತ ಸೇರುತ್ತದೆ. ಗೇಟಿನ ಸಂದು, ಮೆಟ್ಟಿಲಿನ ಎತ್ತರ, ರ‍್ಯಾಂಪಿನ ಉದ್ದ ಅಳೆದು, ಫೋಟೋ ಸಮೇತ ಕೊಡಿ. ಅದರ ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

ಅದಕ್ಕೆ ತಿಂಗಳುಗಟ್ಟಲೆ ಹಿಡಿದೀತು. ಅಷ್ಟರಲ್ಲಿ ಒಂದು ಕೆಲಸ ಮಾಡಿ. ನಮ್ಮ ಪಾರ್ಕಿನ ಹಿಂಬದಿಯಲ್ಲಿ ತರಗೆಲೆ, ಕಸ ಸಾಗಿಸುವ ತಳ್ಳುಗಾಡಿಗೆಂದು ನಾಲ್ಕಡಿ ಅಗಲದ ಗೇಟೊಂದಿದೆ. ಅಲ್ಲಿ ಮೆಟ್ಟಿಲೂ ಇಲ್ಲ. ಇಷ್ಟು ವರ್ಷ ಓಡಾಡಿಯೂ ನಾನದನ್ನು ಗಮನಿಸಿರಲಿಲ್ಲ, ಮೊನ್ನೆ ವಾಚ್‌ಮನ್ ತೋರಿಸಿದ. ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ನಿಮ್ಮ ಪಾರ್ಕಿನಲ್ಲೂ ಅಂಥದ್ದು ಇದ್ದೀತು, ಕೀಲಿ ಯಾರ ಹತ್ತಿರ ಇದೆಯೆಂದು ವಿಚಾರಿಸಿ.