ನಮ್ಮವನಾದರೆ ಕಾಯಿಲೆ, ಅವರವನಾದರೆ ಲಂಪಟತನ

ಡೊಂಬಿವಲಿಯ ಹಿರಿಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಕನ್ನಡ ಸಂಘವೊಂದರ ಕಾರ್ಯಕಾರಿ ಸಮಿತಿಯಲ್ಲಿರುವವರು. ಅವರ ದೂರು ಇಷ್ಟು: ಒಂದು ಪಕ್ಷದ ನಾಯಕರೋ ಅವರ ಮಕ್ಕಳೋ ಕುಡಿತ, ಮಾದಕ ದ್ರವ್ಯಗಳ ವಿಷಯದಲ್ಲಿ ಸಿಕ್ಕಿಬಿದ್ದರೆ ಪತ್ರಿಕೆಗಳು ಮರುಕ ತೋರುತ್ತವೆ, ಪತ್ರ ಬರೆದ ತಾವು ಮೆಚ್ಚುವ ಪಕ್ಷದವರಿಗೆ ಹಾಗಾದರೆ ಅದೇ ಪತ್ರಿಕೆಗಳು ಬೀದಿಗೆಳೆಯುತ್ತವೆ. "ಈ ಇಬ್ಬಗೆಯ ನೀತಿಯನ್ನು ಬಯಲು ಮಾಡುವ ಧೈರ್ಯ ನಿಮಗಿದೆಯೇ?" ಎಂದು ಕೇಳಿ, ಎದುರು ಪಕ್ಷದವರ ಹೆಸರುಗಳ ಪಟ್ಟಿಯೊಂದನ್ನು ಪ್ರಕಟಣೆಗಾಗಿ ಲಗತ್ತಿಸಿದ್ದಾರೆ.

ಮಾನ್ಯರೇ,

ಇಬ್ಬಗೆಯ ನೀತಿ ಇದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಅಧಿಕಾರದಲ್ಲಿರುವವರು ಕುಡಿದು ಕಾರು ಓಡಿಸಿದರೆ, ಅಮಲಿನಲ್ಲಿ ಸಾರ್ವಜನಿಕ ಕೆಲಸ ಕೆಡಿಸಿದರೆ ಕಾನೂನಿಗೆ ಉತ್ತರ ಕೊಡಲೇಬೇಕು. ಆದರೆ ನಿಮ್ಮ ಪಟ್ಟಿಯಲ್ಲಿ ನಿಮ್ಮ ಮೆಚ್ಚಿನ ಪಕ್ಷದವರ ಒಂದು ಹೆಸರೂ ಇಲ್ಲ. ನಮ್ಮ ಪತ್ರಿಕೆಯ ಅಚ್ಚಿನ ತಪ್ಪುಗಳನ್ನು ಒಂದೂ ಬಿಡದೆ ಗುರುತು ಹಾಕಿ ಕಳಿಸುವ ತಮ್ಮಂಥ ಸೂಕ್ಷ್ಮ ಓದುಗರಿಗೆ ಇದು ಕಾಣಿಸದೆ ಹೋಯಿತೆಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಅಮೆರಿಕದ ರೇಡಿಯೋ ಮಾತುಗಾರ ರಶ್ ಲಿಂಬೋ ಅವರ ಪ್ರಸಂಗ ನಿಮಗೆ ನೆನಪಿರಬಹುದು. ರಿಪಬ್ಲಿಕನ್ ಪಕ್ಷದ ಕಟ್ಟಾ ಬೆಂಬಲಿಗರು. ಮಾದಕ ದ್ರವ್ಯ ಸೇವಿಸುವವರನ್ನು ಹಿಡಿದು ಶಿಕ್ಷಿಸಿ ಒಳಗೆ ಹಾಕಬೇಕೆಂದು 1995ರಲ್ಲಿ ಹೇಳಿದ್ದವರು. 2003ರ ಅಕ್ಟೋಬರ್‌ನಲ್ಲಿ, ಬೆನ್ನುನೋವಿಗೆಂದು ತೆಗೆದುಕೊಂಡ ನೋವಿನ ಮಾತ್ರೆಗಳಿಗೆ ತಾವೇ ಅಂಟಿಕೊಂಡಿದ್ದೇವೆ, ಚಿಕಿತ್ಸೆಗೆ ಹೋಗುತ್ತಿದ್ದೇವೆ ಎಂದು ಕೇಳುಗರಿಗೆ ತಿಳಿಸಿದರು. ಎದುರಾಳಿಗಳು ಕೈತಟ್ಟಿ ನಕ್ಕರು. ವ್ಯಸನಿಗಳ ಬಗ್ಗೆ ಕರುಣೆ ಬೇಕೆಂದು ಅಲ್ಲಿಯವರೆಗೆ ಬರೆಯುತ್ತಿದ್ದ ಎಷ್ಟೋ ಮಂದಿ ಕೂಡ ಆ ವಾರ ಕರುಣೆಯನ್ನು ಮರೆತರು. ಆದರೆ ಫ್ಲಾರಿಡಾದ ತನಿಖಾಧಿಕಾರಿಗಳು ಅವರ ವೈದ್ಯಕೀಯ ದಾಖಲೆಗಳನ್ನು ವಶಪಡಿಸಿಕೊಂಡಾಗ, ರೋಗಿಯ ಖಾಸಗಿತನ ಕಾಯಬೇಕೆಂದು ಅವರ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಯಾರು ಗೊತ್ತೇ? ಅವರ ವಿಚಾರಗಳಿಗೆ ಸದಾ ಎದುರಾಗಿದ್ದ ನಾಗರಿಕ ಹಕ್ಕುಗಳ ಸಂಸ್ಥೆ, ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ನಿನವರು. ಇದನ್ನು ಓದಿದ ದಿನದಿಂದ ಆ ಸಂಸ್ಥೆಯ ಮೇಲೆ ನನಗೆ ಗೌರವ ಹುಟ್ಟಿತು.

ಇನ್ನು 2020ರ ಸೆಪ್ಟೆಂಬರ್ 29ರ ರಾತ್ರಿ. ಅಧ್ಯಕ್ಷೀಯ ಚರ್ಚೆಯಲ್ಲಿ ಟ್ರಂಪ್, ಬೈಡನ್ ಅವರ ಮಗ ಹಂಟರ್‌ನ ಕೊಕೇನ್ ಚಟವನ್ನು ಎತ್ತಿ ಆಡಿದರು. ತನ್ನ ಮಗನಿಗೆ ಆ ಸಮಸ್ಯೆ ಇದ್ದದ್ದು ನಿಜ, ಅವನು ಅದರಿಂದ ಹೊರಬಂದಿದ್ದಾನೆ, ಅವನ ಬಗ್ಗೆ ತನಗೆ ಹೆಮ್ಮೆಯಿದೆ ಎಂದು ಬೈಡನ್ ಉತ್ತರಿಸಿದರು. ಟ್ರಂಪ್ ಅವರ ಸ್ವಂತ ಅಣ್ಣ ಫ್ರೆಡ್ 1981ರಲ್ಲಿ ತೀರಿಕೊಂಡದ್ದು ಕುಡಿತದಿಂದಲೇ. ಅಣ್ಣನ ಪಾಡು ನೋಡಿಯೇ ತಾನು ಮದ್ಯ ಮುಟ್ಟಲಿಲ್ಲ ಎಂದು ಟ್ರಂಪ್ ಹಲವು ಬಾರಿ ಹೇಳಿಕೊಂಡಿದ್ದಾರೆ. ಮನೆಯೊಳಗೆ ಆ ಸಂಕಟವನ್ನು ಹತ್ತಿರದಿಂದ ಕಂಡವರೇ ಎದುರಾಳಿಯ ಮಗನ ವಿಷಯ ಬಂದಾಗ ಅದನ್ನು ಕಲ್ಲಿನಂತೆ ಬೀಸಿದರು.

ನಮ್ಮಲ್ಲೂ ಇದೇ ಕಥೆ. 2019ರ ಜನವರಿಯಲ್ಲಿ ಪಂಜಾಬಿನ ಬರ್ನಾಲಾದಲ್ಲಿ ಆಮ್ ಆದ್ಮಿ ಪಕ್ಷದ ಭಗವಂತ್ ಮಾನ್ ತಾಯಿಯನ್ನು ವೇದಿಕೆಗೆ ಕರೆದು, ಕುಡಿತ ಬಿಟ್ಟಿದ್ದೇನೆ ಎಂದು ಸಾವಿರಾರು ಜನರ ಎದುರು ಹೇಳಿದರು. ಪಕ್ಕದಲ್ಲಿದ್ದ ಕೇಜ್ರಿವಾಲ್ ಅದನ್ನು ತ್ಯಾಗವೆಂದು ಕೊಂಡಾಡಿದರು; ಎದುರು ಪಕ್ಷಗಳು ಗೇಲಿ ಮಾಡಿದವು. ಕುಡಿತ ಬಿಡುವುದು ಒಂದು ಭಾಷಣದಲ್ಲಿ ಮುಗಿಯುವುದಿಲ್ಲ, ಮತ್ತೆ ಜಾರುವುದೂ ಆ ಕಾಯಿಲೆಯ ಭಾಗವೇ ಎಂಬ ಮಾತನ್ನು ಎರಡೂ ಕಡೆಯವರು ಆಡಲಿಲ್ಲ.

ಮುಂಬಯಿಯನ್ನೇ ತೆಗೆದುಕೊಳ್ಳಿ. 2021ರ ಅಕ್ಟೋಬರ್‌ನಲ್ಲಿ ವಿಹಾರ ನೌಕೆಯ ಮಾದಕ ದ್ರವ್ಯ ಪ್ರಕರಣದಲ್ಲಿ ನಟ ಶಾರುಖ್ ಖಾನ್ ಅವರ ಮಗ ಆರ್ಯನ್ ಖಾನ್ ಬಂಧನವಾಯಿತು. ಅವನ ಬಳಿ ಮಾದಕ ದ್ರವ್ಯ ಸಿಕ್ಕಿರಲಿಲ್ಲ. ಸುಮಾರು ನಾಲ್ಕು ವಾರ ಕಳೆದ ಮೇಲೆ ಹೈಕೋರ್ಟ್ ಜಾಮೀನು ಕೊಟ್ಟಿತು. 2022ರ ಮೇ ತಿಂಗಳ ಆರೋಪಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಅಷ್ಟರೊಳಗೆ ಒಂದು ಗುಂಪು ಅವನನ್ನು ನಶೆಕೋರನೆಂದು ತೀರ್ಮಾನಿಸಿ ಆಗಿತ್ತು. ಇನ್ನೊಂದು ಗುಂಪು, ಗುಜರಾತಿನ ಮುಂದ್ರಾ ಬಂದರಿನಲ್ಲಿ ಹಿಂದಿನ ತಿಂಗಳಷ್ಟೇ ಸಿಕ್ಕ ಸುಮಾರು 3,000 ಕಿಲೋ ಹೆರಾಯಿನ್ ಬಗ್ಗೆ ಮಾತಾಡಿ ಎಂದು ಸವಾಲು ಹಾಕಿತು. ಕೇಳಬೇಕಾದ ಪ್ರಶ್ನೆಯೇ ಅದು, ನಾನೂ ಕೇಳಿದ್ದೇನೆ. ಆದರೆ ಆ ಗದ್ದಲದಲ್ಲಿ ಚಿಕಿತ್ಸೆ ಎಂಬ ಪದ ಎರಡೂ ಬಾಯಿಗಳಿಂದ ಬರಲಿಲ್ಲ.

ಆ ದಿನಗಳಲ್ಲಿ ಮುಂಬಯಿಯ ಫೋರ್ಟ್ ಭಾಗದ ಒಂದು ಹೋಟೆಲಿನಲ್ಲಿ ನಾನು ಊಟಕ್ಕೆ ಕುಳಿತಿದ್ದೆ. ಗಲ್ಲಾಪೆಟ್ಟಿಗೆಯ ಮೇಲಿನ ಟಿ.ವಿ.ಯ ಸದ್ದು ಏರಿಸಲಾಗಿತ್ತು. ವೇಯ್ಟರ್‌ಗಳು, ಗಿರಾಕಿಗಳು ಎಲ್ಲರೂ ನಗುತ್ತಿದ್ದರು. ಅಲ್ಲಿನ ಕ್ಯಾಪ್ಟನ್ ಕುಂದಾಪುರ ಕಡೆಯವರು, ನನಗೆ ಬಹುಕಾಲದ ಪರಿಚಯ. ನೀರಿನ ಜಗ್ಗು ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರು ಕುಡಿತ ಬಿಡಲು ದಾದರಿನ ಚರ್ಚೊಂದರ ಹಾಲ್‌ನಲ್ಲಿ ನಡೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುತ್ತಿದ್ದದ್ದು ಮಾಲೀಕರಿಗೂ ಗೊತ್ತಿರಲಿಲ್ಲ. "ಸಾರ್, ಅಷ್ಟು ದೊಡ್ಡವರ ಮಕ್ಕಳನ್ನೇ ಹೀಗೆ ಆಡಿಕೊಳ್ಳುತ್ತಾರೆ. ನನ್ನ ವಿಷಯ ಗೊತ್ತಾದರೆ ಊರಿನಲ್ಲಿ ಮಗಳಿಗೆ ಗಂಡು ಸಿಗುತ್ತದೆಯೇ?" ಎಂದರು. ಆ ವಾರ ಅವರು ಸಭೆಗೆ ಹೋಗಲಿಲ್ಲ. ಮುಂದೆ ಬಹಳ ದಿನ ಹೋಗಲಿಲ್ಲ. ಸ್ಟುಡಿಯೋದಲ್ಲಿ ಕುಳಿತು ಅರಚುವವರಿಗೆ ಆ ಕ್ಯಾಪ್ಟನ್ ಕಾಣುವುದಿಲ್ಲ. ಕ್ಷಮಿಸಿ, ನಿಮ್ಮ ಪಟ್ಟಿಗೂ ಅವರು ಕಾಣಲಿಲ್ಲ.

1978ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮ್ಮ ಮದ್ಯ ಮತ್ತು ಮಾತ್ರೆಗಳ ಚಟವನ್ನು ಬಹಿರಂಗವಾಗಿ ಒಪ್ಪಿಕೊಂಡರು. 1982ರಲ್ಲಿ ತಮ್ಮ ಹೆಸರಿನ ಚಿಕಿತ್ಸಾ ಕೇಂದ್ರವನ್ನೇ ತೆರೆದರು. ಅವರನ್ನು ಕಂಡು ಧೈರ್ಯ ತಂದುಕೊಂಡ ಹೆಂಗಸರು ಎಷ್ಟೋ. ನಮ್ಮ ಪುಣೆಯಲ್ಲೂ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ಆರಂಭಿಸಿದರು, ಮರಾಠಿ ಸಾಹಿತಿ ಪು.ಲ. ದೇಶಪಾಂಡೆ ದಂಪತಿ ಹಣ ಕೊಟ್ಟು ಬೆನ್ನಿಗೆ ನಿಂತರು. ನಮ್ಮ ನಾಡಿನಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಗಳಲ್ಲಿ ನಡೆಯುತ್ತಿವೆ. ಅಲ್ಲಿ ಚಾಪೆಯ ಮೇಲೆ ಕುಳಿತವರನ್ನು ನೀನು ಯಾವ ಪಕ್ಷ ಎಂದು ಕೇಳುವುದಿಲ್ಲ.

ಕಾನೂನು ಕೂಡ ನಮ್ಮಷ್ಟು ಕಟುವಲ್ಲ. ಮಾದಕ ದ್ರವ್ಯಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ರಕ್ಷಣೆ ಕೊಡುತ್ತದೆ. ಯಾವ ಚಾನೆಲ್ ಇದನ್ನು ಜನರಿಗೆ ಹೇಳಿದೆ? ಸರ್ಕಾರಗಳಾದರೂ ಹೇಳಿವೆಯೇ? ಮುಂಬಯಿಯ 1949ರ ಪಾನನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಕುಡಿಯಲು ಪರವಾನಗಿ ಬೇಕೆಂಬ ನಿಯಮವೂ ಇದೆ. ನಮ್ಮವರು ನಡೆಸುವ ಬಾರುಗಳಿಗೆ ಪರ್ಮಿಟ್ ರೂಮು ಎಂಬ ಹೆಸರು ಬಂದದ್ದೇ ಅದರಿಂದ. ಯಾವ ಪಕ್ಷ ಆಳಿದರೂ ಅಬಕಾರಿ ಆದಾಯ ಬೇಕು, ಕುಡಿದು ಕೆಟ್ಟವನು ಮಾತ್ರ ಬೇಡ.

ನಮ್ಮ ಸಂಘಗಳ ಮಾತನ್ನೂ ಆಡಿಬಿಡುತ್ತೇನೆ, ಯಾರಿಗೆ ಬೇಸರವಾದರೂ ಸರಿಯೇ. ಕಟ್ಟಡ ನಿಧಿಗೆ ದೊಡ್ಡ ಮೊತ್ತ ಕೊಟ್ಟ ಶೇಠರು ಸಂಜೆಯಾದರೆ ತೂರಾಡಿದರೂ "ಅವರದು ದೊಡ್ಡ ಮನಸ್ಸು" ಎನ್ನುತ್ತೇವೆ, ಶಾಲು ಹೊದಿಸುತ್ತೇವೆ. ಅವರ ಹೋಟೆಲಿನ ಅಡುಗೆ ಭಟ್ಟ ಕುಡಿದು ಬಂದರೆ ಸಂಬಳ ಹಿಡಿದು ಊರಿನ ಬಸ್ಸು ಹತ್ತಿಸುತ್ತೇವೆ. ಪಕ್ಷಗಳು ಮಾಡುವುದನ್ನು ನಾವು ದುಡ್ಡು ನೋಡಿ ಮಾಡುತ್ತಿದ್ದೇವೆ. ದೊಡ್ಡವರ ಕಾಯಿಲೆಗೆ ಗುಟ್ಟಾಗಿ ಒಳ್ಳೆಯ ಆಸ್ಪತ್ರೆ, ಬಡವನ ಕಾಯಿಲೆಗೆ ಬೈಗುಳ. ಶಾಲು ಹೊದಿಸಿಕೊಂಡವರಿಗೂ ಇದರಿಂದ ಉಪಕಾರವಾಗಿಲ್ಲ; ಹೊಗಳಿಕೆಯಲ್ಲಿ ಮುಚ್ಚಿಟ್ಟ ಕುಡಿತ ಎಷ್ಟು ಮನೆಗಳನ್ನು ಮುಗಿಸಿತೆಂದು ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಇನ್ನೊಂದು ಪಕ್ಷದವರ ಹೆಸರು ಸೇರಿಸಿ ಸರಿದೂಗಿಸಿದರೂ ಪ್ರಕಟಿಸುವುದಿಲ್ಲ. ಅದರ ಬದಲು ಮುಂದಿನ ಸಂಚಿಕೆಯಿಂದ ಮುಂಬಯಿ, ಠಾಣೆ, ಪುಣೆಗಳಲ್ಲಿ ಕುಡಿತ ಬಿಡಲು ನೆರವಾಗುವ ಕೇಂದ್ರಗಳ ಮತ್ತು ಸಭೆಗಳ ವಿಳಾಸ, ಸಮಯಗಳನ್ನು ಒಳಪುಟದಲ್ಲಿ ಕಾಯಂ ಆಗಿ ಕೊಡುತ್ತೇವೆ. ನಿಮ್ಮಿಂದ ನನಗೆ ಬೇಕಾದ ಸಹಾಯ ಬೇರೆ ಇದೆ. ನಿಮ್ಮ ಸಂಘದ ಮೇಲ್ಮಹಡಿಯ ಕೋಣೆ ವಾರದ ದಿನಗಳಲ್ಲಿ ಬೀಗ ಹಾಕಿಯೇ ಇರುತ್ತದೆ. ಕನ್ನಡ, ತುಳು ಮಾತಾಡುವ ಹೋಟೆಲ್ ಕೆಲಸಗಾರರ ಸಭೆಗೆ ವಾರಕ್ಕೊಂದು ಮಧ್ಯಾಹ್ನ, ಹೋಟೆಲುಗಳಿಗೆ ಬಿಡುವಿರುವ ಮೂರರಿಂದ ಐದರವರೆಗೆ, ಅದನ್ನು ಬಾಡಿಗೆಯಿಲ್ಲದೆ ಕೊಡಲು ಸಮಿತಿಯಲ್ಲಿ ವಿಷಯ ಎತ್ತಿ. ಬಂದವರ ಹೆಸರು ಬರೆದುಕೊಳ್ಳುವ ಪುಸ್ತಕ ಮಾತ್ರ ಬಾಗಿಲಲ್ಲಿ ಇಡಬೇಡಿ. ಸಮಿತಿ ಏನು ಹೇಳಿತೆಂದು ತಿಳಿಸಿ. ನಾನೂ ಬಂದು ಮಾತಾಡಬೇಕೆಂದರೆ ಬರುತ್ತೇನೆ.

— ಸಂಪಾದಕ